ಊರಿಗೆ ಮರಳದ ವಿದ್ಯೆ ಮತ್ತು ಕುಲಪತಿ ಕುವೆಂಪು

ಸುಮಾರು ನಾಲ್ಕು ದಶಕಗಳ ಹಿಂದಿನ ಮಾತು. ಸರ್ಕಾರಿ ಸೇವೆಗೆ ಆಗಷ್ಟೇ ಸೇರಿದ್ದ ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿ ತರಬೇತಿಯ ಅವಧಿಯನ್ನು ಕಳೆಯುತ್ತಿದ್ದೆ. ನೆರೆಯ ಜಿಲ್ಲೆಗಳ ಕಾಡಂಚಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿದ್ದರಿಂದ ಮುನ್ನೆಚ್ಚರಿಕೆಯಾಗಿ ತಿಳಿವಳಿಕೆ ಪತ್ರಗಳನ್ನು ಹಂಚಬೇಕೆಂಬ ಆದೇಶ ಬಂದಿತ್ತು. ಕೊಪ್ಪ ತಾಲ್ಲೂಕಿನ ನಾರ್ವೆಯಲ್ಲಿ ಶಾಲೆಯ ಜಗಲಿಯ ಮೇಲೆ ಜನ ಸೇರಿದ್ದರು. ಮೇಲಿನ ಕಚೇರಿಯೊಂದರಿಂದ ಬಂದಿದ್ದ ಕಟ್ಟನ್ನು ಬಿಚ್ಚಿ ನೋಡಿದರೆ ಒಳಗಿದ್ದ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕೊನೆಗೆ ಶಾಲೆಯ ಮೇಷ್ಟ್ರು ಅದನ್ನು ಓದಿ, ತಮಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳಿದರು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಆ ಕಡೆ ತರಗೆಲೆಗೂ ಸೌದೆಗೂ ಹೋಗಬಾರದು ಎಂಬಷ್ಟನ್ನು ಹೇಳಲು ಇಷ್ಟು ದೊಡ್ಡ ಕಾಗದ ಏಕೆ ಬೇಕಾಯಿತು ಎಂದು ವೃದ್ಧೆಯೊಬ್ಬರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಒಬ್ಬರು ಈ ಪ್ರಶ್ನೆಗೆ ಉತ್ತರವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು; ಅಷ್ಟೇ ಅಲ್ಲ, ಅದನ್ನು ಒಂದು ವಿಶ್ವವಿದ್ಯಾನಿಲಯದ ನೀತಿಯಾಗಿಸಲು ಯತ್ನಿಸಿದ್ದರು. ಕುವೆಂಪು ಅವರನ್ನು ನಾವು ಮಹಾಕವಿಯೆಂದು, ಕಾದಂಬರಿಕಾರರೆಂದು, ವಿಶ್ವಮಾನವ ಸಂದೇಶ ಸಾರಿದವರೆಂದು ಸ್ಮರಿಸುತ್ತೇವೆ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಅವರು ಮಾಡಿದ ಕೆಲಸ ಮಾತ್ರ ಜಯಂತಿಯ ಭಾಷಣಗಳಲ್ಲಿ ಒಂದು ವಾಕ್ಯಕ್ಕೆ ಮುಗಿದುಹೋಗುತ್ತದೆ. ಆಡಳಿತದಲ್ಲಿ ಮೂರು ದಶಕಗಳಿಗೂ ಮೀರಿ ಕಳೆದ ನನಗೆ ಆ ನಾಲ್ಕು ವರ್ಷಗಳು ಅವರ ಕಾವ್ಯದಷ್ಟೇ ಗಂಭೀರವಾದ ಕೃತಿಯೆನಿಸುತ್ತವೆ.

ಕುಪ್ಪಳಿ ವೆಂಕಟಪ್ಪಗೌಡ ಪುಟ್ಟಪ್ಪನವರು ಜನಿಸಿದ್ದು 1904ರ ಡಿಸೆಂಬರ್ 29ರಂದು, ತಾಯಿ ಸೀತಮ್ಮನವರ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ. ಆಗಿನ ಮಲೆನಾಡನ್ನು ಇಂದಿನ ಪ್ರವಾಸಿಯ ಕಣ್ಣಿನಿಂದ ನೋಡುವಂತಿಲ್ಲ. ಅಡಿಕೆ ತೋಟ, ಗದ್ದೆ, ದಟ್ಟ ಕಾಡುಗಳ ಆ ಸೀಮೆ ಸಿರಿವಂತವಾಗಿದ್ದಷ್ಟೇ ರೋಗಪೀಡಿತವೂ ಆಗಿತ್ತು. ಚಳಿಜ್ವರ ಮನೆಮನೆಯ ಅತಿಥಿಯಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮಲೆನಾಡಿನ ಸುಧಾರಣೆಗೆಂದೇ ಸಂಸ್ಥಾನ ಪ್ರತ್ಯೇಕ ಯೋಜನೆ ರೂಪಿಸಬೇಕಾಗಿ ಬಂದುದಕ್ಕೆ ಈ ಸ್ಥಿತಿಯೂ ಕಾರಣ. 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಂದಿಗೆ ಮೈಸೂರು ಸರ್ಕಾರ ಮಲೇರಿಯಾ ಅಧ್ಯಯನಕ್ಕೆ ಆರಿಸಿಕೊಂಡ ಸ್ಥಳಗಳಲ್ಲಿ ಇದೇ ಜಿಲ್ಲೆಯ ಮೂಡಿಗೆರೆಯೂ ಒಂದಾಗಿತ್ತು.

ಶಾಲೆಗಳು ಅಪರೂಪವಾಗಿದ್ದ ಆ ದಿನಗಳಲ್ಲಿ ಘಟ್ಟದ ಕೆಳಗಿನಿಂದ ಬಂದ ಐಗಳು ಅನುಕೂಲಸ್ಥರ ಮನೆಗಳಲ್ಲಿ ಉಳಿದು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಪುಟ್ಟಪ್ಪನವರ ವಿದ್ಯಾರಂಭವೂ ಹಾಗೆಯೇ ಆಯಿತು. ಮುಂದೆ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಹನ್ನೆರಡರ ಪ್ರಾಯದಲ್ಲಿ ತಂದೆಯನ್ನು ಕಳೆದುಕೊಂಡ ಬಾಲಕ, ಓದು ಮುಂದುವರಿಸಲು ಮೈಸೂರಿಗೆ ಬಂದು ವೆಸ್ಲಿಯನ್ ಮಿಷನ್ ಪ್ರೌಢಶಾಲೆ ಸೇರಿದರು. ಮಲೆನಾಡಿನ ಒಕ್ಕಲು ಮನೆತನದ ಹುಡುಗನೊಬ್ಬ ರಾಜಧಾನಿಗೆ ಬಂದು ಓದುವುದು ಆಗ ಸಾಮಾನ್ಯ ಸಂಗತಿಯಲ್ಲ. ವಿದ್ಯೆ ಕೆಲವೇ ಜಾತಿಗಳ, ಕೆಲವೇ ಊರುಗಳ ಸೊತ್ತಾಗಿದ್ದ ಕಾಲದಲ್ಲಿ ಅದನ್ನು ಹೊರಗಿನಿಂದ ಬಂದು ಪಡೆದವರಿಗೆ ಮಾತ್ರ ಅದರ ಬೆಲೆಯೂ ಅದರ ಬೇಲಿಯೂ ಸರಿಯಾಗಿ ಕಾಣಿಸುತ್ತವೆ.

ಆ ಬೇಲಿಗಳಲ್ಲಿ ಮೊದಲನೆಯದು ಭಾಷೆ. ತರುಣ ಪುಟ್ಟಪ್ಪನವರು ಕವಿತೆ ಬರೆಯಲು ಆರಂಭಿಸಿದ್ದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಕಲನ 1922ರಲ್ಲಿ ಪ್ರಕಟವಾಯಿತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಆ ರಚನೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಸಲಹೆಯಿತ್ತರು. ಕನ್ನಡದಲ್ಲಿ ಉನ್ನತ ಭಾವಗಳಿಗೆ ಎಡೆಯಿಲ್ಲವೆಂದು ನಂಬಿದ್ದ ಹುಡುಗನಿಗೆ ಆ ಕ್ಷಣಕ್ಕೆ ಇದು ಹಿಡಿಸದಿದ್ದರೂ ಬದುಕಿನ ದಿಕ್ಕು ಬದಲಾಯಿತು. ಒಂದು ಭಾಷೆ ಅಸಮರ್ಥವೆಂದು ನಾವು ದೂರುವುದು ಅದನ್ನು ಬಳಸದೆ ಬಿಟ್ಟುದರಿಂದಲೇ ಎಂಬ ಪಾಠವನ್ನು ಅವರು ಮೊದಲು ಕಾವ್ಯದಲ್ಲಿ ಕಲಿತರು. ಮೂರು ದಶಕಗಳ ಬಳಿಕ ಅದನ್ನೇ ವಿಜ್ಞಾನಕ್ಕೂ ಅನ್ವಯಿಸಿದರು.

ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದಿ 1927ರಲ್ಲಿ ಪದವಿ ಪಡೆದ ಅವರು ಸ್ನಾತಕೋತ್ತರ ಅಧ್ಯಯನಕ್ಕೆ ಆರಿಸಿಕೊಂಡದ್ದು ಕನ್ನಡವನ್ನು. ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ಎಂ.ಎ. ತರಗತಿಯನ್ನು ತೆರೆದದ್ದೇ ಆಗ. ಹುಟ್ಟಿ ಹತ್ತು ವರ್ಷ ದಾಟಿದ್ದ ವಿಶ್ವವಿದ್ಯಾನಿಲಯದಲ್ಲಿ ನಾಡಿನ ನುಡಿಗೆ ಆಗ ತಾನೆ ಮೇಲಿನ ಪಂಕ್ತಿಯಲ್ಲಿ ಮಣೆ ಹಾಕಲಾಗಿತ್ತು. ಟಿ.ಎಸ್. ವೆಂಕಣ್ಣಯ್ಯ, ಬಿ.ಎಂ. ಶ್ರೀಕಂಠಯ್ಯ, ಎ.ಆರ್. ಕೃಷ್ಣಶಾಸ್ತ್ರಿಗಳಂಥ ಹಿರಿಯರ ಸನ್ನಿಧಿ, ಮೈಸೂರಿನ ಶ್ರೀ ರಾಮಕೃಷ್ಣಾಶ್ರಮದ ವಾಸ, ಸ್ವಾಮಿ ಸಿದ್ಧೇಶ್ವರಾನಂದರ ಮಾರ್ಗದರ್ಶನ ಇವೆಲ್ಲ ಅವರ ಮನೋಧರ್ಮವನ್ನು ರೂಪಿಸಿದವು. 1929ರಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. 1936ರಿಂದ 1939ರವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು ಮೈಸೂರಿಗೆ ಹಿಂತಿರುಗಿದರು. 1946ರಲ್ಲಿ ಪ್ರಾಧ್ಯಾಪಕ, 1955ರಲ್ಲಿ ಪ್ರಾಂಶುಪಾಲ, ಮರುವರ್ಷ ಕುಲಪತಿ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರೊಬ್ಬರು ಅದರ ಕುಲಪತಿ ಸ್ಥಾನಕ್ಕೇರಿದ್ದು ಅದೇ ಮೊದಲು.

ಈ ಅವಧಿಯಲ್ಲಿಯೇ ‘ಕಾನೂರು ಹೆಗ್ಗಡಿತಿ’ಯೂ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವೂ ಬಂದವು. ಮಹಾಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಆದರೆ ನನ್ನ ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಅಷ್ಟು ಸದ್ದು ಮಾಡದ ಇನ್ನೊಂದು ಕೆಲಸ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳನ್ನು ಆರಂಭಿಸಿತ್ತು. ಅಧ್ಯಾಪಕರು ಊರೂರಿಗೆ ಹೋಗಿ ಆರೋಗ್ಯ, ಕೃಷಿ, ವಿಜ್ಞಾನ, ಇತಿಹಾಸ, ಸಾಹಿತ್ಯಗಳ ಕುರಿತು ಕನ್ನಡದಲ್ಲಿ ಮಾತನಾಡುವುದು, ಆ ಮಾತುಗಳನ್ನು ಚಿಕ್ಕ ಹೊತ್ತಗೆಗಳಾಗಿ ಅಗ್ಗದ ಬೆಲೆಗೆ ಕೊಡುವುದು ಇದರ ಕ್ರಮ. ಕುವೆಂಪು ಈ ಕಾರ್ಯವನ್ನು ಒಂದು ವಿಭಾಗದ ಔಪಚಾರಿಕ ಕರ್ತವ್ಯವೆಂದು ಭಾವಿಸಲಿಲ್ಲ. ಅದನ್ನು ವಿಶ್ವವಿದ್ಯಾನಿಲಯದ ಅಸ್ತಿತ್ವಕ್ಕೇ ಸಮರ್ಥನೆಯೆಂದು ಬಗೆದರು. ಮುಂದೆ ಪ್ರಸಾರಾಂಗವೆಂಬ ಹೆಸರಿನಿಂದ ನಾಡಿನಾದ್ಯಂತ ಪರಿಚಿತವಾದ ಸಂಸ್ಥೆಯ ಹಿನ್ನೆಲೆ ಇದು. ಇಂದಿಗೂ ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಆ ಹೊತ್ತಗೆಗಳು ಸಿಗುವುದುಂಟು.

ಅವರು ಕುಲಪತಿಯಾದ 1956, ನಾಡಿಗೂ ಒಂದು ತಿರುವಿನ ವರ್ಷ. ಆ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ಕವಿಗೆ ಆಡಳಿತದ ಗೊಡವೆಯೇಕೆ ಎಂಬ ಸಂದೇಹ ಯಾರಿಗಾದರೂ ಬರುವಂಥದೇ. ಅವರ ಕೈಗೆ ಬಂದ ಸಂಸ್ಥೆಯಾದರೂ ಸಣ್ಣದಲ್ಲ. 1916ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಆಗ ಕಲೆ, ವಿಜ್ಞಾನ, ವಾಣಿಜ್ಯ, ವೈದ್ಯಕೀಯ, ಎಂಜಿನಿಯರಿಂಗ್, ಶಿಕ್ಷಣಶಾಸ್ತ್ರ ಎಲ್ಲವೂ ಇದ್ದವು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿಗೂ ಅಧ್ಯಾಪಕರನ್ನು ತರಬೇತುಗೊಳಿಸುವ ಕಾಲೇಜಿಗೂ ಕನ್ನಡ ವಿಭಾಗಕ್ಕೂ ಒಬ್ಬರೇ ಕುಲಪತಿ. ದೇಹದ ರೋಗವನ್ನು ಅರಿಯುವವರು, ಮಗುವಿನ ಮನಸ್ಸನ್ನು ಅರಿಯುವವರು, ಕಾವ್ಯವನ್ನು ಅರಿಯುವವರು ಒಂದೇ ಸೂರಿನಡಿಯ ಬಂಧುಗಳಾಗಿದ್ದರು.

ಆದರೆ ಸಂಶೋಧನೆಗೆ ನೆಲೆ ಇರಲಿಲ್ಲ. ಸ್ನಾತಕೋತ್ತರ ವಿಭಾಗಗಳು ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳಲ್ಲಿ ಪದವಿ ತರಗತಿಗಳ ಜೊತೆಯಲ್ಲಿ ಜಾಗ ಹಂಚಿಕೊಂಡಿದ್ದವು. ಪಾಠ ಹೇಳುವುದಕ್ಕೂ ಹೊಸದನ್ನು ಕಂಡುಹಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ಮನಗಂಡ ಕುವೆಂಪು, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕಿರುವ ವಿಸ್ತಾರವಾದ ಎತ್ತರದ ನೆಲದಲ್ಲಿ ಸ್ನಾತಕೋತ್ತರ ಮತ್ತು ಸಂಶೋಧನ ಕೇಂದ್ರವೊಂದನ್ನು ಕಲ್ಪಿಸಿದರು. ಜಯಲಕ್ಷ್ಮೀವಿಲಾಸ ಅರಮನೆಯೂ ವಿಶ್ವವಿದ್ಯಾನಿಲಯದ್ದಾಯಿತು. 700ಕ್ಕೂ ಹೆಚ್ಚು ಎಕರೆಗಳ ಈ ಆವರಣಕ್ಕೆ ಅವರು ಇಟ್ಟ ಹೆಸರು ಮಾನಸ ಗಂಗೋತ್ರಿ. ಈ ಹೆಸರನ್ನು ಕವಿಸಹಜ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದು ನೀತಿಯಿದೆ. ಗಂಗೋತ್ರಿ ನದಿಯ ಉಗಮಸ್ಥಾನ. ನದಿ ಅಲ್ಲಿಯೇ ನಿಲ್ಲುವುದಿಲ್ಲ, ಇಳಿದು ಬಯಲಿಗೆ ಬರುತ್ತದೆ. ಸಂಶೋಧನೆ ಎತ್ತರದಲ್ಲಿ ಹುಟ್ಟಲಿ, ಆದರೆ ಅದರ ನೀರು ಗದ್ದೆಗೆ ಹರಿಯಲಿ ಎಂಬುದು ಅವರ ಆಶಯವಾಗಿತ್ತೆಂದು ಅವರ ಒಟ್ಟು ಬರಹಗಳನ್ನು ಓದಿದವರಿಗೆ ಹೊಳೆಯದಿರದು.

ಆ ಕಾಲುವೆ ಕನ್ನಡವೇ ಆಗಬೇಕೆಂದು ಅವರು ಹಟ ಹಿಡಿದರು. ಕಾಲೇಜು ಮಟ್ಟದ ವಿಜ್ಞಾನದ ವಿಷಯಗಳನ್ನೂ ಕನ್ನಡದಲ್ಲಿ ಬೋಧಿಸಬಹುದು, ಅದಕ್ಕೆ ಬೇಕಾದ ಪಠ್ಯಗಳನ್ನು ಬರೆಸಬಹುದು ಎಂದು ವಾದಿಸಿದರು, ಬರೆಸಿಯೂ ತೋರಿಸಿದರು. ಈ ವಿಷಯದಲ್ಲಿ ಅವರನ್ನು ಇಂಗ್ಲಿಷಿನ ವೈರಿಯೆಂದು ಚಿತ್ರಿಸುವುದು ತಪ್ಪು. ಇಂಗ್ಲಿಷ್ ಕಾವ್ಯದಿಂದ ಅಪಾರವಾಗಿ ಪಡೆದವರು ಅವರು. ಜ್ಞಾನಭಾಷೆಯಾಗಿ ಅದು ಬೇಕಾದವರಿಗೆ ಇರಲಿ, ಆದರೆ ಹಳ್ಳಿಯ ಮಗುವಿನ ಬುದ್ಧಿಯನ್ನು ಅಳೆಯುವ ಏಕೈಕ ಮಾನದಂಡ ಅದಾಗಬಾರದು ಎಂಬುದು ಅವರ ನಿಲುವು. ಪ್ರತಿವರ್ಷ ಇಂಗ್ಲಿಷ್ ವಿಷಯವೊಂದರಲ್ಲೇ ಸೋತು ಓದು ನಿಲ್ಲಿಸುತ್ತಿದ್ದ ಸಾವಿರಾರು ಗ್ರಾಮೀಣ ವಿದ್ಯಾರ್ಥಿಗಳ ನಷ್ಟ ಅವರನ್ನು ಕಾಡುತ್ತಿತ್ತು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮಾನವ ಸಂಪನ್ಮೂಲದ ಅಪವ್ಯಯ.

ವಿರೋಧವೂ ಇತ್ತು. ಗುಣಮಟ್ಟ ಕುಸಿಯುತ್ತದೆ, ಪಾರಿಭಾಷಿಕ ಪದಗಳಿಲ್ಲ, ಹೊರ ರಾಜ್ಯಗಳಲ್ಲಿ ನಮ್ಮ ಪದವೀಧರರಿಗೆ ಮನ್ನಣೆ ಸಿಗದು ಎಂಬ ಆಕ್ಷೇಪಗಳು ಸಂಪೂರ್ಣ ಹುರುಳಿಲ್ಲದವೇನಲ್ಲ. ಕನ್ನಡ ಮಾಧ್ಯಮ ಉನ್ನತ ಶಿಕ್ಷಣದ ಮೇಲಿನ ಹಂತಗಳಲ್ಲಿ, ವಿಶೇಷವಾಗಿ ವಿಜ್ಞಾನ ಮತ್ತು ವೈದ್ಯಕೀಯದಲ್ಲಿ, ಅವರು ಬಯಸಿದಂತೆ ಬೇರು ಬಿಡಲಿಲ್ಲವೆಂಬುದನ್ನು ಒಪ್ಪಲೇಬೇಕು. ಪಾಲಕರು ಉದ್ಯೋಗದ ಮಾರುಕಟ್ಟೆ ನೋಡಿ ಮಕ್ಕಳ ಮಾಧ್ಯಮವನ್ನು ಆರಿಸುತ್ತಾರೆ. ಆ ಲೆಕ್ಕಾಚಾರವನ್ನು ಸರ್ಕಾರಿ ಆದೇಶ ಬದಲಿಸಲಾರದು. ಆದರೆ ಬೋಧನೆಯ ಮಾಧ್ಯಮ ಒಂದು ಪ್ರಶ್ನೆ, ಸಂಶೋಧನೆಯ ಫಲ ಯಾವ ಭಾಷೆಯಲ್ಲಿ ಜನರಿಗೆ ತಲುಪಬೇಕೆಂಬುದು ಬೇರೆಯದೇ ಪ್ರಶ್ನೆ. ಮೊದಲನೆಯದರಲ್ಲಿ ಕುವೆಂಪು ಸೋತರೆನ್ನುವವರು ಎರಡನೆಯದರಲ್ಲಿ ಅವರು ಹೇಳಿದ್ದು ಎಷ್ಟು ಸರಿಯಾಗಿತ್ತೆಂಬುದನ್ನು ಗಮನಿಸುವುದಿಲ್ಲ.

ಅವರು ಕುಲಪತಿಯಾಗಿದ್ದಾಗಲೇ ಅವರ ಜಿಲ್ಲೆಯಲ್ಲಿ ನಡೆದ ಘಟನೆಯೊಂದು ಇದಕ್ಕೆ ನಿದರ್ಶನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಲಿನ ಹಳ್ಳಿಗಳಲ್ಲಿ ಮಂಗಗಳು ಸಾಯತೊಡಗಿದವು. ಜೊತೆಯಲ್ಲೇ ಜನರಿಗೆ ತೀವ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರು ಬಂದರು. ಆಫ್ರಿಕದ ಹಳದಿ ಜ್ವರ ಭಾರತಕ್ಕೂ ಬಂದಿರಬಹುದೆಂಬ ಭೀತಿ ಮೊದಲು ಆವರಿಸಿತ್ತು. ಪರೀಕ್ಷೆಯ ಬಳಿಕ ಅದು ಜಗತ್ತಿಗೆ ಅಲ್ಲಿಯವರೆಗೆ ತಿಳಿಯದಿದ್ದ ಬೇರೊಂದು ವೈರಸ್ ಎಂದೂ ಕಾಡಿನ ಉಣುಗುಗಳ ಕಡಿತದಿಂದ ಹರಡುತ್ತದೆಂದೂ ಸಿದ್ಧವಾಯಿತು. ವೈದ್ಯವಿಜ್ಞಾನದ ಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯೆಂಬ ಹೆಸರು ಶಾಶ್ವತವಾಗಿ ಸೇರಿತು. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಇರುವ ನಂಟು ಹಳ್ಳಿಗರ ಮಾತಿನಲ್ಲಿ ಆಗಲೇ ಮಂಗನ ಕಾಯಿಲೆಯೆಂಬ ಹೆಸರು ಪಡೆದಿತ್ತು. ಕುವೆಂಪು ಅವರಿಗೂ ಆ ಶೋಧಕ್ಕೂ ನೇರ ಸಂಬಂಧವೇನೂ ಇಲ್ಲ. ನಾನು ಹೇಳಹೊರಟದ್ದು ಇಷ್ಟೇ: ಶೋಧ ಶುರುವಾದದ್ದು ಊರಿನವರ ಕಣ್ಣಿಗೆ ಬಿದ್ದ ಸಂಗತಿಯಿಂದ, ಅದರ ಫಲಿತಾಂಶ ಅಚ್ಚಾದದ್ದು ಇಂಗ್ಲಿಷ್ ನಿಯತಕಾಲಿಕಗಳಲ್ಲಿ. ಕೊಟ್ಟವರಿಗೆ ಅದು ಮರಳಿ ಬರಲು ಬಹುಕಾಲ ಹಿಡಿಯಿತು. ನಾರ್ವೆಯ ಜಗಲಿಯಲ್ಲಿ ನಾನು ಬಿಚ್ಚಿದ ಕಟ್ಟು ಆ ವಿಳಂಬದ ಒಂದು ತುಣುಕು.

ಕುವೆಂಪು 1960ರಲ್ಲಿ ನಿವೃತ್ತರಾದರು. ಅವರು ಗುರುತಿಸಿದ ಆ ಎತ್ತರದ ನೆಲ ಮುಂದಿನ ದಶಕದಲ್ಲಿ ಪಡೆದ ರೂಪ ವಿಸ್ಮಯಕರ. 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು, 1965ರಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ, 1969ರಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಮಾನಸ ಗಂಗೋತ್ರಿಯ ಪರಿಸರದಲ್ಲಿ ತಲೆಯೆತ್ತಿದವು. ಈ ಕೇಂದ್ರ ಸಂಸ್ಥೆಗಳು ಅವರು ಸ್ಥಾಪಿಸಿದವಲ್ಲ. ಅವರ ಕಲ್ಪನೆಯ ಕನ್ನಡ ಅಧ್ಯಯನ ಸಂಸ್ಥೆ ಮಾತ್ರ 1966ರಲ್ಲಿ ದೇ. ಜವರೇಗೌಡರ ಕರ್ತೃತ್ವಶಕ್ತಿಯಿಂದ ರೂಪುಗೊಂಡಿತು. ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂತು. ಜಯಲಕ್ಷ್ಮೀವಿಲಾಸ ಜಾನಪದ ವಸ್ತುಸಂಗ್ರಹಾಲಯಕ್ಕೆ ಮನೆಯಾಯಿತು. ಮಾತು ಬಾರದ ಮಗುವಿಗೆ ಚಿಕಿತ್ಸೆ ನೀಡುವ ವೈದ್ಯರು, ಅದಕ್ಕೆ ಪಾಠ ಹೇಳುವ ಅಧ್ಯಾಪಕರನ್ನು ಸಿದ್ಧಪಡಿಸುವವರು, ಅದರ ಮನೆಮಾತಿನ ವ್ಯಾಕರಣವನ್ನೂ ಅಜ್ಜಿಯ ಹಾಡನ್ನೂ ಅಧ್ಯಯನ ಮಾಡುವವರು ನಡೆದುಹೋಗುವಷ್ಟು ಅಂತರದಲ್ಲಿ ನೆಲೆಸಿದರು. ವೈದ್ಯಕೀಯ, ಶಿಕ್ಷಣ, ಕಲೆಗಳ ಸಂಶೋಧನೆ ಹೀಗೆ ನೆರೆಹೊರೆಯಾದ ಎಡೆ ನಮ್ಮ ರಾಜ್ಯದಲ್ಲಿ ಹೆಚ್ಚಿಲ್ಲ.

ನಿವೃತ್ತಿಯ ಅನಂತರ ‘ಉದಯರವಿ’ಯ ಏಕಾಂತದಲ್ಲಿ ಅವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮುಗಿಸಿದರು. ಅದು 1967ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಮಿಷನರಿ ಶಾಲೆ, ಬೈಸಿಕಲ್ಲು, ಹೊಸ ವಿಚಾರಗಳು ಪ್ರವೇಶಿಸಿದ ಬಗೆಯನ್ನು ಆ ಕೃತಿಯಷ್ಟು ಸೂಕ್ಷ್ಮವಾಗಿ ದಾಖಲಿಸಿದ ಸಮಾಜಶಾಸ್ತ್ರೀಯ ಪ್ರಬಂಧವನ್ನು ನಾನು ಓದಿಲ್ಲ. ರೋಗಕ್ಕೆ ದೆವ್ವವನ್ನೂ ಮಂತ್ರವಾದಿಯನ್ನೂ ನಂಬಿದ ಜನರನ್ನು ಅವರು ಹೀಗಳೆಯಲಿಲ್ಲ. ಅವರ ಬಳಿಗೆ ಬೇರೆ ತಿಳಿವಳಿಕೆ ಬಂದಿರಲಿಲ್ಲವೆಂಬುದನ್ನು ಅರಿತಿದ್ದರು. 1964ರಲ್ಲಿ ರಾಷ್ಟ್ರಕವಿ ಗೌರವ, ಜ್ಞಾನಪೀಠ, 1987ರಲ್ಲಿ ಮೊದಲ ಪಂಪ ಪ್ರಶಸ್ತಿ, 1992ರಲ್ಲಿ ಕರ್ನಾಟಕ ರತ್ನ ಅವರನ್ನು ಅರಸಿಬಂದವು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದ ಅವರ ಅಂತ್ಯಸಂಸ್ಕಾರ ಕುಪ್ಪಳಿಯ ಕವಿಶೈಲದಲ್ಲಿ ನೆರವೇರಿತು. ಮಲೆಯಿಂದ ಹೊರಟವರು ಮಲೆಗೆ ಮರಳಿದರು.

ಅವರ ವಿಶ್ವವಿದ್ಯಾನಿಲಯದ ಕಲ್ಪನೆ ಮಾತ್ರ ಅಷ್ಟು ಸುಲಭವಾಗಿ ಮನೆ ಸೇರಲಿಲ್ಲ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ, 1980ರಲ್ಲಿ ಮಂಗಳೂರು, ಗುಲ್ಬರ್ಗ, 1987ರಲ್ಲಿ ಶಂಕರಘಟ್ಟದಲ್ಲಿ ಅವರದೇ ಹೆಸರಿನ ವಿಶ್ವವಿದ್ಯಾನಿಲಯ ಬಂದವು. ಪ್ರದೇಶವಾರು ವಿಸ್ತರಣೆ ಅಗತ್ಯವಾಗಿತ್ತು. ಅನಂತರ ವಿಷಯವಾರು ವಿಭಜನೆ ಆರಂಭವಾಯಿತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ, 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬಳಿಕ ಸಂಗೀತಕ್ಕೊಂದು, ಜಾನಪದಕ್ಕೊಂದು. ಪರೀಕ್ಷೆ, ಮಾನ್ಯತೆ, ಸೀಟು ಹಂಚಿಕೆಯ ದೃಷ್ಟಿಯಿಂದ ಈ ವ್ಯವಸ್ಥೆಗೆ ಅನುಕೂಲಗಳಿವೆ. ಆಡಳಿತಗಾರನಾಗಿ ನಾನೂ ಇದರ ಪರವಾಗಿ ಟಿಪ್ಪಣಿ ಬರೆದವನೇ. ಆದರೆ ಇದರ ಬೆಲೆಯನ್ನು ನಾವು ಕಡತದಲ್ಲಿ ದಾಖಲಿಸಲಿಲ್ಲ. ಕನ್ನಡ ಬಲ್ಲವರು ಒಂದು ಆವರಣದಲ್ಲಿ, ರೋಗ ಬಲ್ಲವರು ಮತ್ತೊಂದರಲ್ಲಿ, ಕಲಿಸುವ ಬಗೆ ಬಲ್ಲವರು ಮೂರನೆಯದರಲ್ಲಿ ಉಳಿದರು. ತಿಳಿವಳಿಕೆ ಪತ್ರವೊಂದನ್ನು ಊರಿನವರಿಗೆ ಅರ್ಥವಾಗುವಂತೆ ಬರೆಯಲು ಈ ಮೂವರೂ ಬೇಕು.

ಕನ್ನಡದಲ್ಲಿ ಶಾಸ್ತ್ರಸಾಹಿತ್ಯ ಬೆಳೆಯಲೇ ಇಲ್ಲವೆಂದಲ್ಲ. ವೈದ್ಯರಾಗಿದ್ದ ಎಂ. ಶಿವರಾಂ ಮನೋವೈದ್ಯಕೀಯ ಕುರಿತ ಕನ್ನಡ ಗ್ರಂಥಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ತೀರ್ಥಹಳ್ಳಿಯಲ್ಲಿ ಜನಿಸಿದ ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ ಎಷ್ಟೋ ಮನೆಗಳಲ್ಲಿ ಅಜ್ಜಿಯ ಸ್ಥಾನ ತುಂಬಿತು. ಕುವೆಂಪು ಅವರ ಪುತ್ರ ಪೂರ್ಣಚಂದ್ರ ತೇಜಸ್ವಿ ‘ಕರ್ವಾಲೊ’ದಲ್ಲಿ ವಿಜ್ಞಾನಿಯನ್ನೂ ಹಳ್ಳಿಗನನ್ನೂ ಒಂದೇ ಹುಡುಕಾಟದ ಸಂಗಾತಿಗಳಾಗಿಸಿದರು. ಆದರೆ ಇವೆಲ್ಲ ವ್ಯಕ್ತಿಗಳ ಒಲವಿನಿಂದ ಆದ ಕೆಲಸಗಳು. ಸಂಸ್ಥೆಗಳ ಕರ್ತವ್ಯವನ್ನು ವ್ಯಕ್ತಿಗಳ ಔದಾರ್ಯಕ್ಕೆ ಬಿಡುವುದು ಒಳ್ಳೆಯ ಆಡಳಿತವಲ್ಲ.

ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು 2022ರಲ್ಲಿ ಅದರ ಬಳಕೆ ನಿಂತಿತು. 2024ರ ಆರಂಭದಲ್ಲಿ ಶೃಂಗೇರಿ ತಾಲ್ಲೂಕಿನಲ್ಲಿ ಈ ಕಾಯಿಲೆಯಿಂದ ಸಾವು ಸಂಭವಿಸಿತು. ಕೊಪ್ಪ, ನರಸಿಂಹರಾಜಪುರದ ಕಡೆಗಳಿಂದಲೂ ಪ್ರಕರಣಗಳು ವರದಿಯಾದವು. ಲಸಿಕೆಯಿಲ್ಲದಿರುವಾಗ ತಿಳಿವಳಿಕೆಯೇ ಮುಖ್ಯ ರಕ್ಷಣೆ. ಕಾಡಿಗೆ ಹೋಗುವ ಮೊದಲು ಮೈಗೆ ಹಚ್ಚಿಕೊಳ್ಳುವ ತೈಲ, ಹಿಂತಿರುಗಿದ ಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಕೂಡಲೇ ತಿಳಿಸುವುದು, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗುವುದು. ಆರೋಗ್ಯ ಕಾರ್ಯಕರ್ತೆಯರು ಇದನ್ನು ಇಂದು ಮನೆಮನೆಗೆ ಕನ್ನಡದಲ್ಲಿಯೇ ಹೇಳುತ್ತಿದ್ದಾರೆ. ಅಷ್ಟರಮಟ್ಟಿಗೆ ಕಾಲ ಸುಧಾರಿಸಿದೆ. ಆದರೆ ಈ ರೋಗದ ಕುರಿತು ಆರು ದಶಕಗಳಲ್ಲಿ ನಡೆದ ಸಂಶೋಧನೆಯ ಸಾರವನ್ನು ಕೊಪ್ಪದ ಗ್ರಂಥಾಲಯಕ್ಕೆ ಹೋಗಿ ಕನ್ನಡದಲ್ಲಿ ಓದುವೆನೆಂದು ಒಬ್ಬ ಕಾಲೇಜು ವಿದ್ಯಾರ್ಥಿನಿ ಹೊರಟರೆ ಅವಳ ಕೈಗೆ ಸಿಗುವುದು ಅತ್ಯಲ್ಪ.

ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆ ಸಾರ್ವಜನಿಕ ಸರಕು. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದ ಅಪರೂಪದ ಸರಕು ಅದು. ಭಾಷೆಯ ಬೇಲಿ ಹಾಕಿ ಅದನ್ನು ನಾವೇ ದುರ್ಲಭಗೊಳಿಸಿದ್ದೇವೆ. ಇದಕ್ಕೆ ಹೊಸ ವಿಶ್ವವಿದ್ಯಾನಿಲಯ ಬೇಕಾಗಿಲ್ಲ, ದೊಡ್ಡ ಅನುದಾನವೂ ಬೇಕಾಗಿಲ್ಲ. ರಾಜ್ಯದ ಯಾವುದೇ ವಿಶ್ವವಿದ್ಯಾನಿಲಯದಲ್ಲಿ, ವೈದ್ಯಕೀಯವಿರಲಿ, ಶಿಕ್ಷಣವಿರಲಿ, ಕಲೆಯಿರಲಿ, ಡಾಕ್ಟರೇಟ್ ಪ್ರಬಂಧ ಸಲ್ಲಿಸುವವರು ಅದರ ಸಾರವನ್ನು ಹತ್ತು ಪುಟಗಳ ಸರಳ ಕನ್ನಡದಲ್ಲಿಯೂ ಸಲ್ಲಿಸಬೇಕು, ಕನ್ನಡ ಬಾರದವರಿಗೆ ಅದೇ ಊರಿನ ಕನ್ನಡ ವಿಭಾಗ ನೆರವಾಗಬೇಕು, ಆ ಸಾರಾಂಶಗಳು ಅಧ್ಯಯನ ನಡೆದ ತಾಲ್ಲೂಕಿನ ಗ್ರಂಥಾಲಯಕ್ಕೂ ಶಾಲೆಗೂ ತಲುಪಬೇಕು. ಇಷ್ಟನ್ನು ನಿಯಮವಾಗಿಸಲು ಒಂದು ಸುತ್ತೋಲೆ ಸಾಕು. ಪ್ರಚಾರೋಪನ್ಯಾಸದ ಹೊತ್ತಗೆಗಳು ಮಾಡುತ್ತಿದ್ದುದೂ ಇದನ್ನೇ.

ಪ್ರತಿವರ್ಷ ಡಿಸೆಂಬರ್ 29ರಂದು ನಾವು ಕವಿಯ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ. ಅದೇ ದಿನ ಕುಲಪತಿ ಕುವೆಂಪು ಅವರನ್ನೂ ನೆನೆದು ಅಂಥದೊಂದು ಸುತ್ತೋಲೆಗೆ ಸಹಿ ಬಿದ್ದರೆ, ನಾರ್ವೆಯ ಶಾಲೆಯ ಜಗಲಿಯ ಮೇಲೆ ಮುಂದೊಂದು ದಿನ ಕಟ್ಟು ಬಿಚ್ಚುವ ತರುಣ ಅಧಿಕಾರಿ ನನ್ನಂತೆ ತಲೆ ತಗ್ಗಿಸಬೇಕಾಗದು.